ನಮ್ಮೂರ ಮ್ಯೂಸಿಯಂನಲ್ಲಿ 'ಹೊರಗಿನಿಂದ ಬಂದವರಿಗೆ' ಜಾಗ ಎಲ್ಲಿ?

ಓದುಗರ ಪ್ರಶ್ನೆ

"ನಾನು ಉತ್ತರ ಕನ್ನಡದ ಯಲ್ಲಾಪುರ ತಾಲೂಕಿನ ನಿವೃತ್ತ ಶಿಕ್ಷಕ. ನಮ್ಮೂರಲ್ಲಿ ಮಕ್ಕಳಿಲ್ಲದೆ ಮುಚ್ಚಿದ ಹಳೆ ಶಾಲೆಯೊಂದಿದೆ. ಅದರ ಮೂರು ಕೋಣೆಗಳಲ್ಲಿ ತಾಲೂಕಿನ ಇತಿಹಾಸ ಹೇಳುವ ಮ್ಯೂಸಿಯಂ ಮಾಡೋಣ ಅಂತ ಸಮಿತಿ ಕಟ್ಟಿಕೊಂಡಿದ್ದೇವೆ. ಮೊದಲ ಸಭೆಯಲ್ಲೇ ಜಗಳ. ಒಬ್ಬರು 'ಇಲ್ಲಿನ ಮೂಲ ಸಂಸ್ಕೃತಿ ಮಾತ್ರ ಇಡೋಣ, ಹೊರಗಿನಿಂದ ಬಂದವರದ್ದೆಲ್ಲ ಯಾಕೆ' ಅಂದರು. ಇನ್ನೊಬ್ಬರು 'ಆಫ್ರಿಕಾ ಮೂಲದ ಸಿದ್ದಿಗಳು, ಎಮ್ಮೆ ಸಾಕುವ ಗೌಳಿಗಳು, ಕೊಂಕಣಿಗರು, ಮುಂಡಗೋಡದ ಟಿಬೆಟನ್ನರು, ಎಲ್ಲರಿಗೂ ಒಂದೊಂದು ಕಪಾಟು ಕೊಟ್ಟರಾಯಿತು' ಅಂದರು. ಮೂರನೆಯವರಿಗೆ, ಈ ವಿಷಯ ಎತ್ತಿದರೇ ಊರಲ್ಲಿ ಮನಸ್ತಾಪ ಆಗುತ್ತೆ ಅನ್ನೋ ಹೆದರಿಕೆ. ನಮ್ಮ ಹತ್ತಿರ ಸದ್ಯ ಇರೋದು ಒಂದಿಷ್ಟು ಒನಕೆ, ಕಡಗೋಲು, ತಾಮ್ರದ ಹಂಡೆ. ಬಂದವರ ಮನೆಗಳಲ್ಲಿ ಹಳೆ ಸಾಮಾನೇ ಇಲ್ಲ. ಈ ನಡುವೆ ದಾನಿಯೊಬ್ಬರು ಸಿದ್ದಿ ಕುಣಿತದ ಎರಡು ಫೈಬರ್ ಗೊಂಬೆ ಮಾಡಿಸಿಕೊಡುತ್ತೇನೆ ಅಂತಿದ್ದಾರೆ. ಎಲ್ಲಿಂದ ಶುರು ಮಾಡೋದು?"

ಉತ್ತರ

ಮಾಸ್ತರರೇ, ನಿಮ್ಮ ಪತ್ರದಲ್ಲಿರುವುದು ಮೂರು ಪ್ರಶ್ನೆ. ಯಾರ ಕಥೆ ಹೇಳಬೇಕು, ವಸ್ತು ಇಲ್ಲದೆ ಹೇಗೆ ಹೇಳಬೇಕು, ಹೇಳಿದರೆ ಏನಾಗುತ್ತೆ. ಮೂರನೆಯದೇ ನಿಜವಾಗಿ ಕಷ್ಟದ್ದು. ಮೊದಲೆರಡಕ್ಕೆ ದಾರಿ ಇದೆ.

'ಮೂಲ ಸಂಸ್ಕೃತಿ ಮಾತ್ರ' ಅಂದ ಸದಸ್ಯರಿಗೆ ಸಿಟ್ಟಿಲ್ಲದೆ ಒಂದು ಮಾತು ಕೇಳಿ: ಗೆರೆ ಯಾವ ವರ್ಷಕ್ಕೆ ಎಳೆಯೋಣ? ಹವ್ಯಕ ಬ್ರಾಹ್ಮಣರ ಮನೆಗಳಲ್ಲೇ ಹೇಳುವ ಐತಿಹ್ಯ ಏನು? ಕದಂಬರ ಮಯೂರವರ್ಮ ಅಹಿಚ್ಛತ್ರದಿಂದ ಕರೆಸಿದ ಅಂತ. ಅದು ಎಷ್ಟು ಇತಿಹಾಸ, ಎಷ್ಟು ಕಥೆ ಅನ್ನೋದು ಬೇರೆ ಚರ್ಚೆ. ಆದರೆ ತಾವು ಬಂದವರು ಅಂತ ಅವರೇ ಹೇಳಿಕೊಳ್ಳುತ್ತಾರೆ, ಅಲ್ವಾ? ಪೋರ್ಚುಗೀಸರು ಗೋವಾ ಹಿಡಿದದ್ದು 1510ರಲ್ಲಿ. ಅಲ್ಲಿ ಇನ್‌ಕ್ವಿಸಿಷನ್ (ಚರ್ಚಿನ ಧರ್ಮವಿಚಾರಣೆ) ಶುರುವಾದದ್ದು 1560ರಲ್ಲಿ. ಆ ಕಾಲದಿಂದ ಕೊಂಕಣಿ ಮಾತಾಡುವ ಹಿಂದೂಗಳೂ ಆಮೇಲೆ ಕ್ರಿಶ್ಚಿಯನ್ನರೂ ಕಾಳಿ ನದಿ ದಾಟಿ ದಕ್ಷಿಣಕ್ಕೆ ಬರುತ್ತಲೇ ಇದ್ದರು. ಭಟ್ಕಳದ ನವಾಯತ ಮುಸ್ಲಿಮರು ಸಮುದ್ರದ ಕಡೆಯಿಂದ ಬಂದ ಅರಬ್ ವ್ಯಾಪಾರಿಗಳ ನೆನಪು ಇಟ್ಟುಕೊಂಡಿದ್ದಾರೆ. ಗೌಳಿಗಳು ಮಹಾರಾಷ್ಟ್ರದ ಸಹ್ಯಾದ್ರಿ ಕಡೆಯಿಂದ ಎಮ್ಮೆ ಮೇಯಿಸುತ್ತ ಇಳಿದವರು. ಯಾರನ್ನು ಒಳಗಿಟ್ಟು ಯಾರನ್ನು ಹೊರಗಿಡೋದು?

ಇನ್ನೊಂದು ತಮಾಷೆ ನೋಡಿ. ಜನ ಕದಲದೆ ಇದ್ದಲ್ಲೇ ಇದ್ದರೂ ಗಡಿಗಳು ಕದಲಿವೆ. ನಿಮ್ಮ ಜಿಲ್ಲೆ 1862ರಲ್ಲಿ ಮದ್ರಾಸ್ ಪ್ರಾಂತ್ಯದಿಂದ ಮುಂಬಯಿ ಪ್ರಾಂತ್ಯಕ್ಕೆ ಹೋಯಿತು. 1956ರಲ್ಲಿ ಮೈಸೂರು ರಾಜ್ಯಕ್ಕೆ ಬಂತು. ದೀರ್ಘಾಯುಷಿಯಾದ ಅಜ್ಜಿಯೊಬ್ಬಳು ಒಂದೇ ಮನೆಯಲ್ಲಿ ಕೂತು ಎರಡು ರಾಜ್ಯ ನೋಡಿರುತ್ತಾಳೆ.

ಹಾಗಾಗಿ ನನ್ನ ಅಭಿಪ್ರಾಯ ನೇರ: ಉತ್ತರ ಕನ್ನಡದ ಇತಿಹಾಸ ಅಂದರೇ ಬಂದವರ, ಹೋದವರ ಇತಿಹಾಸ. ಅದನ್ನು ಬಿಟ್ಟು ಮಾಡಿದರೆ ನಿಮ್ಮ ಮ್ಯೂಸಿಯಂನಲ್ಲಿ ಉಳಿಯೋದು ಒನಕೆ ಮತ್ತು ಹಂಡೆ. ಅವು ರಾಜ್ಯದ ಎಲ್ಲ ತಾಲೂಕಿನಲ್ಲೂ ಇವೆ.

ಕಪಾಟು ಹಂಚುವ ಐಡಿಯಾ ಯಾಕೆ ಕೆಡುತ್ತೆ

ಎರಡನೇ ಸದಸ್ಯರ ಮನಸ್ಸು ಒಳ್ಳೆಯದು. ಸಲಹೆ ಮಾತ್ರ ಅಪಾಯದ್ದು. ಸಮುದಾಯಕ್ಕೊಂದು ಕಪಾಟು ಕೊಟ್ಟ ಮ್ಯೂಸಿಯಂಗಳನ್ನು ನಾನು ಸಾಕಷ್ಟು ನೋಡಿದ್ದೇನೆ. ಎಲ್ಲ ಕಡೆ ಕಾಣುವುದು ಒಂದೇ. ಒಂದು ಉಡುಪು, ಒಂದು ವಾದ್ಯ, ಒಂದು ಆಭರಣ, ಕೆಳಗೆ ಮೂರು ಸಾಲು: 'ಇವರು ಕಾಡಿನಲ್ಲಿ ವಾಸಿಸುತ್ತಾರೆ. ಕುಣಿತ ಇವರಿಗೆ ಪ್ರಿಯ.' ಇದು ಮದುವೆ ಮನೆಯಲ್ಲಿ ಬಂದವರಿಗೆಲ್ಲ ತಾಂಬೂಲದ ಚೀಲ ಕೊಟ್ಟು ಕಳಿಸಿದ ಹಾಗೆ. ಲೆಕ್ಕ ಸರಿಯಾಗುತ್ತೆ, ಮಾತುಕತೆ ಆಗೋದಿಲ್ಲ.

ಈ ಪದ್ಧತಿ ಎಲ್ಲಿಂದ ಬಂತು ಅಂತ ತಿಳಿದಿರಲಿ. ಬ್ರಿಟಿಷ್ ಅಧಿಕಾರಿಗಳು ಒಂದೊಂದು ಜಾತಿಯನ್ನೂ ಪ್ರತ್ಯೇಕ ಜೀವಿಯ ಹಾಗೆ ವಿವರಿಸಿ ಪುಸ್ತಕ ಮಾಡಿದರು. 1883ರ ಬಾಂಬೆ ಗೆಜೆಟಿಯರ್‌ನ ಕೆನರಾ (ಇಂದಿನ ಉತ್ತರ ಕನ್ನಡ) ಸಂಪುಟ ಅಂಥದ್ದೇ. ಊರುಗಳ, ಬೆಳೆಗಳ, ಘಟ್ಟದ ದಾರಿಗಳ ಮಾಹಿತಿಗೆ ಅದು ಚಿನ್ನ. ಜನರ ಬಗ್ಗೆ ಅದು ಬಳಸುವ ಧಾಟಿ ಮಾತ್ರ ಫಲಕಕ್ಕೆ ಇಳಿಸಬೇಡಿ. ಇಂಟರ್ನೆಟ್‌ನಲ್ಲಿ ಸಿಗುತ್ತೆ ಅಂತ ಬಹಳ ಜನ ನಕಲು ಮಾಡಿ ಹಾಕುತ್ತಾರೆ.

ಇನ್ನೊಂದು ತೊಂದರೆ: ಕಪಾಟು ಬಂದ ಕೂಡಲೇ ಅಳತೆ ಶುರು. ಅವರ ಕಪಾಟು ದೊಡ್ಡದು, ನಮ್ಮದು ಮೂಲೆಯಲ್ಲಿದೆ, ಅವರಿಗೆ ಎರಡು ಲೈಟ್. ಜಗಳ ಬೇಡ ಅಂತ ಮಾಡಿದ್ದೇ ಜಗಳಕ್ಕೆ ಕಾರಣ.

ಅದರ ಬದಲು ಜನ ಒಟ್ಟಿಗೆ ಬರುವ ಜಾಗಗಳನ್ನು ಹಿಡಿಯಿರಿ. ಅಡಕೆ ಅಂಗಳ ತಗೊಳ್ಳಿ. ತೋಟ ಒಬ್ಬರದು. ಮರ ಹತ್ತಿ ಅಡಕೆ ಕೊನೆ ಇಳಿಸುವವರು ಇನ್ನೊಬ್ಬರು. ರಾತ್ರಿ ಮೆಟ್ಟುಗತ್ತಿ ಮುಂದೆ ಕೂತು ಸುಲಿಯುತ್ತಿದ್ದವರು ಹತ್ತಾರು ಮನೆಯವರು, ಅವರಲ್ಲಿ ಸಿದ್ದಿ ಹೆಂಗಸರೂ ಇದ್ದರು. ಗೊಬ್ಬರ ಗೌಳಿಗಳ ದೊಡ್ಡಿಯಿಂದಲೂ ಬರುತ್ತಿತ್ತು. ಒಣಗಿದ ಅಡಕೆ ಕೊಳ್ಳಲು ಬರುತ್ತಿದ್ದ ವ್ಯಾಪಾರಿ ಇನ್ನೊಂದು ಭಾಷೆಯವನು. ಒಂದು ಮೆಟ್ಟುಗತ್ತಿ, ಒಂದು ದೋಟಿ, ಯಜಮಾನರ ಲೆಕ್ಕದ ಪುಸ್ತಕದ ಒಂದು ಪುಟ, ಸುಲಿಯುವಾಗ ಹೇಳುತ್ತಿದ್ದ ಕಥೆಯ ರೆಕಾರ್ಡಿಂಗ್. ಇಷ್ಟರಲ್ಲಿ ಐದು ಸಮುದಾಯ ಬಂದುಹೋಗುತ್ತವೆ. ಯಾರಿಗೂ ಪ್ರತ್ಯೇಕ ಕಪಾಟಿಲ್ಲ. ಯಾರು ಕೂಲಿ ಪಡೆದರು, ಯಾರು ಭತ್ತ ಪಡೆದರು, ಯಾರು ಸಾಲಕ್ಕೆ ದುಡಿದರು ಅನ್ನೋದು ಆ ಲೆಕ್ಕದ ಪುಟದಲ್ಲೇ ಕಾಣುತ್ತೆ. ನೀವು ಭಾಷಣ ಮಾಡಬೇಕಿಲ್ಲ.

ಹಾಗೆಯೇ ವಾರದ ಸಂತೆ ಇದೆ, ಅರಬೈಲ್ ಘಟ್ಟದ ರಸ್ತೆ ಇದೆ, ಕೆಳಗಿನ ಸಾಣಿಕಟ್ಟೆ ಉಪ್ಪು ಮೇಲೆ ಬರುತ್ತಿದ್ದ ದಾರಿ ಇದೆ. ಇವನ್ನು ನಿಮ್ಮ ಸಮಿತಿ ನನಗಿಂತ ಚೆನ್ನಾಗಿ ಬಲ್ಲದು.

ವಸ್ತು ಇಲ್ಲ ಅನ್ನೋದು ಅರ್ಧ ಸತ್ಯ

ಓಡಿ ಬಂದವರು, ತಂದು ಮಾರಲ್ಪಟ್ಟವರು, ಮುಳುಗಡೆಯಿಂದ ಎದ್ದು ಬಂದವರು ಹಂಡೆ ಹೊತ್ತು ತರೋದಿಲ್ಲ. ಇದು ನಿಮ್ಮೊಬ್ಬರ ಸಮಸ್ಯೆ ಅಲ್ಲ. ಅಮೃತಸರದ ಟೌನ್ ಹಾಲ್‌ನಲ್ಲಿ 2017ರಲ್ಲಿ ತೆರೆದ ದೇಶವಿಭಜನೆಯ ಮ್ಯೂಸಿಯಂಗೆ ಶುರುವಲ್ಲಿ ಸಂಗ್ರಹವೇ ಇರಲಿಲ್ಲ. ಜನರ ಮನೆಗಳಿಂದ ಒಂದೊಂದೇ ಬಂತು. ಅಲ್ಲಿ ಜನ ಬಹಳ ಹೊತ್ತು ನಿಂತು ನೋಡುವುದು ಒಂದು ಫುಲ್ಕಾರಿ ಕಸೂತಿಯ ಕೋಟು ಮತ್ತು ಒಂದು ಚರ್ಮದ ಪೆಟ್ಟಿಗೆ. ಮಾರಿದರೆ ಎರಡಕ್ಕೂ ದೊಡ್ಡ ಬೆಲೆ ಬಾರದು. ಯಾರದ್ದು, ಯಾವಾಗ, ಯಾಕೆ ಇಟ್ಟುಕೊಂಡರು ಅನ್ನೋದು ಗೊತ್ತಿರುವುದರಿಂದ ಅವು ಮ್ಯೂಸಿಯಂ ವಸ್ತು ಆದವು.

ಪ್ಯಾರಿಸ್‌ನಲ್ಲಿ 2007ರಲ್ಲಿ ವಲಸೆ ಇತಿಹಾಸದ ಮ್ಯೂಸಿಯಂ ತೆರೆದರು. ಅಲ್ಲಿ ಜನ ತಾವಾಗಿ ಕೊಟ್ಟ ವಸ್ತುಗಳಿಗೇ ಒಂದು ಗ್ಯಾಲರಿ ಮಾಡಿದರು. ಕೊಟ್ಟವರ ಮಾತೇ ಪಕ್ಕದಲ್ಲಿ. ಆ ಕಟ್ಟಡ 1931ರ ವಸಾಹತು ಪ್ರದರ್ಶನಕ್ಕೆ ಕಟ್ಟಿದ್ದು, ಅಂದರೆ ಸಾಮ್ರಾಜ್ಯದ ಜಂಬ ತೋರಿಸಲು. ಅದನ್ನೂ ಅವರು ಮುಚ್ಚಿಡಲಿಲ್ಲ. (ವಿಷಯ ಎಷ್ಟು ಸೂಕ್ಷ್ಮ ಅಂದರೆ, ಬಾಗಿಲು ತೆರೆದು ಏಳು ವರ್ಷ ಆದಮೇಲೆ, 2014ರಲ್ಲಿ, ದೇಶದ ಅಧ್ಯಕ್ಷರು ಬಂದು ವಿಧಿವತ್ತಾಗಿ ಉದ್ಘಾಟನೆ ಮಾಡಿದರು. ನಿಮ್ಮ ಸಭೆಯ ಜಗಳ ಅದಕ್ಕೆ ಹೋಲಿಸಿದರೆ ಏನೂ ಅಲ್ಲ.)

ನಿಮ್ಮ ಕಟ್ಟಡವೇ ನಿಮ್ಮ ಮೊದಲ ವಸ್ತು. ಶಾಲೆ ಯಾಕೆ ಮುಚ್ಚಿತು? ಮಕ್ಕಳಿಲ್ಲ ಅಂತ ನೀವೇ ಬರೆದಿದ್ದೀರಿ. ಮಕ್ಕಳು ಎಲ್ಲಿ ಹೋದರು? ಹುಬ್ಬಳ್ಳಿ, ಬೆಂಗಳೂರು. ಅವರ ಅಪ್ಪ ಅಮ್ಮ ಹೋದರು, ಅಥವಾ ಮಕ್ಕಳೇ ಹುಟ್ಟಲಿಲ್ಲ. ವಲಸೆ ಅಂದರೆ ಬಂದವರು ಮಾತ್ರ ಅಂತ ನಾವು ಅಂದುಕೊಳ್ಳುತ್ತೇವೆ. ಭಟ್ಕಳದಿಂದ ದುಬೈಗೆ ಹೋದವರು, ತೋಟದ ಮನೆಯಿಂದ ಸಾಫ್ಟ್‌ವೇರ್ ಕಂಪನಿಗೆ ಹೋದವರು, ಹಡಗು ಹತ್ತಿದವರು, ಇವರೂ ಅದೇ ಕಥೆಯ ಇನ್ನೊಂದು ಬಾಗಿಲು. ಸಮಿತಿಯ ಮೊದಲ ಸದಸ್ಯರ ಮಗ ಅಥವಾ ಮೊಮ್ಮಗ ಎಲ್ಲಿದ್ದಾನೆ, ಒಮ್ಮೆ ಕೇಳಿ ನೋಡಿ. ಚರ್ಚೆಯ ಬಿಸಿ ಕಡಿಮೆ ಆಗಬಹುದು.

ಶಾಲೆಯ ದಾಖಲಾತಿ ರಿಜಿಸ್ಟರ್ ಉಳಿದಿದ್ದರೆ ಅದು ಭಂಡಾರ. ಹುಟ್ಟಿದ ಊರು, ಮನೆಮಾತು, ಹಿಂದೆ ಓದಿದ ಶಾಲೆ, ಬಿಟ್ಟ ದಿನ, ಬಿಟ್ಟ ಕಾರಣ, ಇವೆಲ್ಲ ಅಂಥ ರಿಜಿಸ್ಟರ್‌ಗಳಲ್ಲಿ ಸಿಗುತ್ತವೆ. ಹತ್ತತ್ತು ವರ್ಷಕ್ಕೆ ಲೆಕ್ಕ ತೆಗೆದು ಗೋಡೆ ಮೇಲೆ ಹಾಕಿ. ಮನೆಮಾತು ಕೊಂಕಣಿ ಎಷ್ಟು, ಮರಾಠಿ ಎಷ್ಟು, ಉರ್ದು ಎಷ್ಟು. ಯಾವ ದಶಕದಲ್ಲಿ ಯಾರ ಮಕ್ಕಳು ಬಂದರು. ಯಾರ ಮಕ್ಕಳು ಮೂರನೇ ಕ್ಲಾಸಿಗೆ ಬಿಟ್ಟರು. ಊರಲ್ಲಿ ಇದ್ದೂ ರಿಜಿಸ್ಟರ್‌ನಲ್ಲಿ ಹೆಸರೇ ಇಲ್ಲದವರು ಯಾರು? ಆ ಖಾಲಿ ಸಾಲೂ ಮಾತಾಡುತ್ತೆ. ಎರಡು ಎಚ್ಚರಿಕೆ ಇದೆ. ರಿಜಿಸ್ಟರ್ ಇಲಾಖೆಯದು, ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಆಫೀಸಿನಿಂದ ಬರವಣಿಗೆಯಲ್ಲಿ ಅನುಮತಿ ತಗೊಳ್ಳಿ. ಹೆಸರು, ಜಾತಿ ಇರುವ ಪುಟವನ್ನು ತೆರೆದು ತೋರಿಸಬೇಡಿ. ಸಂಖ್ಯೆ ಮಾತ್ರ ತೋರಿಸಿ. 'ನಿನ್ನಜ್ಜ ಮೂರನೇ ಕ್ಲಾಸ್ ಫೇಲು' ಅಂತ ಮೊಮ್ಮಗನಿಗೆ ಊರೆಲ್ಲ ಹೇಳೋದು ಬೇಡ.

ಇನ್ನು ನೆಲ. ದಕ್ಷಿಣ ಆಫ್ರಿಕಾದ ಕೇಪ್‌ಟೌನ್‌ನಲ್ಲಿ ಡಿಸ್ಟ್ರಿಕ್ಟ್ ಸಿಕ್ಸ್ ಅನ್ನುವ ಬಡಾವಣೆ ಇತ್ತು. 1966ರಲ್ಲಿ ಸರ್ಕಾರ ಅದನ್ನು ಬಿಳಿಯರ ಪ್ರದೇಶ ಅಂತ ಸಾರಿ, 60,000ಕ್ಕೂ ಜಾಸ್ತಿ ಜನರನ್ನು ಎಬ್ಬಿಸಿತು. 1994ರಲ್ಲಿ ಹಳೆ ಚರ್ಚೊಂದರಲ್ಲಿ ಅದರ ಮ್ಯೂಸಿಯಂ ಆಯಿತು. ಅಲ್ಲಿ ನೆಲದ ಮೇಲೆ ಬಡಾವಣೆಯ ದೊಡ್ಡ ನಕ್ಷೆ ಹಾಸಿದ್ದಾರೆ. ಅಲ್ಲಿದ್ದವರು ಬಂದು ತಮ್ಮ ಮನೆ ಎಲ್ಲಿತ್ತು ಅಂತ ತಾವೇ ಬರೆದರು. ನಿಮಗೂ ಇದು ಸಾಧ್ಯ, ಖರ್ಚೂ ಕಡಿಮೆ. ನಿಮ್ಮ ತಾಲೂಕಿನ ಜೊತೆ ಜೋಯಿಡಾ, ಹಳಿಯಾಳ, ಮುಂಡಗೋಡ, ಅಂಕೋಲಾ ಸೇರಿಸಿ ನಕ್ಷೆ ಮಾಡಿಸಿ. ಸೂಪಾ ಅಣೆಕಟ್ಟಿನಲ್ಲಿ ಊರು ಕಳೆದುಕೊಂಡು ರಾಮನಗರಕ್ಕೆ ಬಂದವರಿದ್ದಾರೆ. ನಿಮ್ಮ ತಾಲೂಕಿನಲ್ಲೇ ಕೊಡಸಳ್ಳಿ ಅಣೆಕಟ್ಟು ಇದೆ. ಕಾರವಾರದಲ್ಲಿ ಸೀಬರ್ಡ್ ನೌಕಾನೆಲೆಗೆ ಜಮೀನು ಬಿಟ್ಟ ಮೀನುಗಾರರಿದ್ದಾರೆ. ದಾಂಡೇಲಿ ಕಾಗದ ಕಾರ್ಖಾನೆಗೆ ಕೆಲಸ ಹುಡುಕಿ ಬಂದು ಅಲ್ಲೇ ಉಳಿದವರಿದ್ದಾರೆ. ಇವರ ಕೈಗೆ ಪೆನ್ನು ಕೊಡಿ. ನೀರಿನ ಅಡಿ ಇರುವ ಮನೆ, ದೇವಸ್ಥಾನ, ಗದ್ದೆಯನ್ನು ಅವರೇ ಗುರುತು ಮಾಡಲಿ. 'ಬಂದವರು' ಅಂದರೆ ಯಾವಾಗಲೂ ದೂರದವರು ಅನ್ನುವ ಕಲ್ಪನೆ ಅಲ್ಲೇ ಕರಗುತ್ತೆ.

ಸಿದ್ದಿಗಳ ಕಥೆ ಹೇಳುವಾಗ

ಇದಕ್ಕೆ ಸ್ವಲ್ಪ ಜಾಸ್ತಿ ಜಾಗ ಕೊಡುತ್ತೇನೆ. ತಪ್ಪು ಹೆಚ್ಚಾಗಿ ಆಗುವುದು ಇಲ್ಲೇ.

ಗೊತ್ತಿರುವುದು ಇಷ್ಟು. ಪೋರ್ಚುಗೀಸರು ಆಫ್ರಿಕಾದ ಪೂರ್ವ ಕರಾವಳಿಯಿಂದ, ಮೊಜಾಂಬಿಕ್ ಕಡೆಯಿಂದ, ಜನರನ್ನು ಗುಲಾಮರಾಗಿ ಗೋವಾಕ್ಕೆ ತರುತ್ತಿದ್ದರು. ಇದು ಶತಮಾನಗಳ ಕಾಲ ನಡೆಯಿತು. ಪೋರ್ಚುಗೀಸ್ ಸಾಮ್ರಾಜ್ಯದಲ್ಲಿ ಗುಲಾಮಗಿರಿ ಕಾನೂನಿನಲ್ಲಿ ಪೂರ್ತಿ ಕೊನೆಯಾದದ್ದು 1869ರಲ್ಲಿ. ತಪ್ಪಿಸಿಕೊಂಡವರು, ಬಿಡುಗಡೆ ಆದವರು ಘಟ್ಟದ ಕಾಡು ಸೇರಿದರು. ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲಾ ತಾಲೂಕುಗಳಲ್ಲಿ ಇಂದು ಸಿದ್ದಿಗಳಿದ್ದಾರೆ. 2011ರಲ್ಲಿ ಪ್ರಕಟವಾದ ಡಿಎನ್‌ಎ ಅಧ್ಯಯನಗಳೂ ಆಫ್ರಿಕಾದ ಬಾಂಟು ಜನರ ನಂಟನ್ನು ತೋರಿಸಿವೆ. ಅವರಲ್ಲಿ ಹಿಂದೂಗಳು, ಕ್ರಿಶ್ಚಿಯನ್ನರು, ಮುಸ್ಲಿಮರು ಮೂವರೂ ಇದ್ದಾರೆ. ಹಿರಿಯರನ್ನು ಪೂಜಿಸುವ ಪದ್ಧತಿ ಧರ್ಮ ದಾಟಿ ಅವರನ್ನು ಜೋಡಿಸುತ್ತೆ. ಮನೆಯಲ್ಲಿ ಆಡುವುದು ಕನ್ನಡ, ಮರಾಠಿ ಬೆರೆತ ಕೊಂಕಣಿ. 2003ರಲ್ಲಿ ಪರಿಶಿಷ್ಟ ಪಂಗಡದ ಸ್ಥಾನ ಸಿಕ್ಕಿತು. 2020ರಲ್ಲಿ ಶಾಂತಾರಾಮ ಸಿದ್ದಿ ವಿಧಾನ ಪರಿಷತ್ತಿಗೆ ನಾಮಕರಣಗೊಂಡರು.

ಇನ್ನು ಸುಮ್ನೆ ಹರಡಿರುವ ಮಾತುಗಳು. 'ಸಿದ್ದಿಗಳು ಅಂದರೆ ಓಟಗಾರರು.' ಕ್ರೀಡಾ ಪ್ರಾಧಿಕಾರ 1980ರ ದಶಕದಲ್ಲಿ ಅವರ ಮಕ್ಕಳನ್ನು ಆಯ್ದು ತರಬೇತಿ ಕೊಟ್ಟಿತು, ಆಮೇಲೆ ಯೋಜನೆ ನಿಂತಿತು. ಮಾತು ಮಾತ್ರ ನಿಲ್ಲಲಿಲ್ಲ. 'ಆಫ್ರಿಕಾದಿಂದ ಬಂದವರೆಲ್ಲ ಗುಲಾಮರು.' ಇದೂ ಪೂರ್ತಿ ನಿಜವಲ್ಲ. ದಖ್ಖನಿನಲ್ಲಿ ಆಫ್ರಿಕಾ ಮೂಲದವರು ಸೇನಾಪತಿಗಳಾದರು, ಮಂತ್ರಿಗಳಾದರು. ಅಹ್ಮದ್‌ನಗರದ ಮಲಿಕ್ ಅಂಬರ್, ನಮ್ಮ ವಿಜಯಪುರದ ಆದಿಲ್‌ಶಾಹಿ ದರ್ಬಾರಿನ ಇಖ್ಲಾಸ್ ಖಾನ್ ಅಂಥವರು. ಆದರೆ ನಿಮ್ಮ ಕಾಡಿನ ಸಿದ್ದಿಗಳನ್ನು ಮಲಿಕ್ ಅಂಬರ್‌ನ ವಂಶ ಅಂತ ಮಾಡಿಬಿಡಬೇಡಿ. ಅವು ಬೇರೆ ಬೇರೆ ದಾರಿಗಳು.

ಮ್ಯೂಸಿಯಂನವರು ಮಾಡುವ ಸಾಮಾನ್ಯ ಎಡವಟ್ಟು ಏನಂದರೆ, ಬಾಗಿಲಲ್ಲೇ ಸರಪಳಿ ಹಾಕಿದ ಗುಲಾಮನ ಚಿತ್ರ. ಶಾಲೆ ಮಕ್ಕಳು ಸಾಲಾಗಿ ನೋಡಲು ಬರುತ್ತಾರೆ. ಅವರಲ್ಲಿ ಒಬ್ಬಳು ಸಿದ್ದಿ ಹುಡುಗಿ ಇರುತ್ತಾಳೆ. ವಾಪಸ್ ಬಸ್ಸಿನಲ್ಲಿ ಉಳಿದವರು ಅವಳನ್ನು ಏನಂತ ಕರೆಯುತ್ತಾರೆ? ನಲವತ್ತು ವರ್ಷ ಮಕ್ಕಳ ನಡುವೆ ಇದ್ದವರಿಗೆ ನಾನು ಹೇಳಬೇಕಿಲ್ಲ. ಗುಲಾಮಗಿರಿಯನ್ನು ಮುಚ್ಚಿಡಿ ಅಂತ ನಾನು ಹೇಳುತ್ತಿಲ್ಲ. ಅದನ್ನು ಮಾಡಿದವರ ಕಥೆಯಾಗಿ ಹೇಳಿ: ಯಾರು ಹಿಡಿದರು, ಯಾರು ಮಾರಿದರು, ಯಾರು ಕೊಂಡರು. ಸಿದ್ದಿಗಳ ಕಥೆಯನ್ನು ಅವರು ಇಲ್ಲಿ ಏನು ಕಟ್ಟಿಕೊಂಡರು ಅನ್ನುವುದರಿಂದ ಶುರು ಮಾಡಿ.

ಕೌದಿ ಅದಕ್ಕೆ ಹೇಳಿ ಮಾಡಿಸಿದ ವಸ್ತು. ಹಳೆ ಸೀರೆ, ಹಳೆ ಬಟ್ಟೆ ತುಂಡುಗಳನ್ನು ಸಿದ್ದಿ ಹೆಂಗಸರು ಅಂಚಿನಿಂದ ಶುರುಮಾಡಿ ನಡುವಿನ ಕಡೆಗೆ ಹೊಲಿಯುತ್ತ ಬರುತ್ತಾರೆ. ಮೂಲೆಗಳಿಗೆ ತ್ರಿಕೋನದ ತುಂಡುಗಳನ್ನು ಮಡಚಿ ಹೂವಿನ ಹಾಗೆ ಇಡುತ್ತಾರೆ. ಅದಿಲ್ಲದ ಕೌದಿ ಬೆತ್ತಲೆ ಅನ್ನುತ್ತಾರೆ. ಕೌದಿ ಹೊಲಿಯುವುದು ಹುಬ್ಬಳ್ಳಿ, ಧಾರವಾಡ ಕಡೆಯ ಮನೆಗಳಲ್ಲೂ ಇದೆ. ಎರಡನ್ನೂ ಅಕ್ಕಪಕ್ಕ ತೂಗುಹಾಕಿ. ಹತ್ತಿರದ್ದೇನು, ಬೇರೆ ಏನು, ನೋಡುವವರೇ ಕಂಡುಕೊಳ್ಳುತ್ತಾರೆ. ಆದರೆ ನಿಮ್ಮ ಮಳೆ! ಬಟ್ಟೆಯನ್ನು ಮಡಚಿಡಬೇಡಿ, ಕೋಲಿಗೆ ಸುತ್ತಿಡಿ. ನುಸಿ ಗುಳಿಗೆ ಬಟ್ಟೆಗೆ ತಾಗಬಾರದು. ಬೆಳಕು ಮಂದ ಇರಲಿ, ಬಟ್ಟೆಗೆ 50 ಲಕ್ಸ್ (ಬೆಳಕಿನ ಅಳತೆ) ಸಾಕು ಅನ್ನುವುದು ನಮ್ಮ ಮ್ಯೂಸಿಯಂ ವೃತ್ತಿಯ ಲೆಕ್ಕ. ಕೆಲವು ತಿಂಗಳಿಗೊಮ್ಮೆ ಬದಲಾಯಿಸಿ. ಗೋಡೆಗೆ ಒತ್ತಿ ಇಟ್ಟರೆ ಒಂದು ಮಳೆಗಾಲದಲ್ಲಿ ಬೂಸಲು, ಎರಡನೇ ಮಳೆಗಾಲದಲ್ಲಿ ಒರಲೆ.

ಹೆದರಿಕೆಯಲ್ಲಿ ಎಷ್ಟು ನಿಜ

ಮೂರನೇ ಸದಸ್ಯರ ಹೆದರಿಕೆಯನ್ನು ತಳ್ಳಿಹಾಕಬೇಡಿ. ಅವರು ಹೇಳಿದ್ದಕ್ಕಿಂತ ದೊಡ್ಡ ಅಪಾಯ ಇನ್ನೊಂದಿದೆ. ಅದು ಫಲಕದಲ್ಲಿ ನೀವು ಬರೆಯುವ ಇಸವಿ.

2006ರ ಅರಣ್ಯ ಹಕ್ಕು ಕಾಯ್ದೆ ನೋಡಿ. ಪರಿಶಿಷ್ಟ ಪಂಗಡದವರು 2005ರ ಡಿಸೆಂಬರ್ 13ಕ್ಕೆ ಮೊದಲು ಆ ಅರಣ್ಯ ಭೂಮಿಯಲ್ಲಿ ಇದ್ದರು ಅಂತ ತೋರಿಸಿದರೆ ಸಾಕು. ಉಳಿದ ಅರಣ್ಯವಾಸಿಗಳು ಮೂರು ತಲೆಮಾರು, ಅಂದರೆ 75 ವರ್ಷದ ವಾಸ ತೋರಿಸಬೇಕು. ನಿಮ್ಮ ಜಿಲ್ಲೆಯಲ್ಲಿ ಇಂಥ ಅರ್ಜಿ ಹಾಕಿದವರು ಬಹಳ. ಈಗ ನೀವು ಯಾರದೋ ಮಾತು ಕೇಳಿ 'ಈ ಕೇರಿಯವರು 1950ರ ಸುಮಾರಿಗೆ ಬಂದರು' ಅಂತ ದಪ್ಪ ಅಕ್ಷರದಲ್ಲಿ ಬರೆದಿರಿ ಅಂದುಕೊಳ್ಳಿ. ನಾಳೆ ಆ ಫಲಕದ ಫೋಟೋ ಯಾವುದೋ ಫೈಲಿಗೆ ಸೇರುತ್ತೆ. ಒಂದು ಮನೆಯ ಜಮೀನು ಹೋಗಬಹುದು. ಒಂದು ಸಮುದಾಯ ಒಂದೇ ಸಲ ಬರುವುದೂ ಅಪರೂಪ. ಗೌಳಿಗಳಂಥ ದನಗಾಹಿಗಳು ತಲೆಮಾರುಗಳ ಕಾಲ ಬಂದು ಹೋಗಿ ಮಾಡಿ, ನಿಧಾನಕ್ಕೆ ನೆಲೆ ನಿಂತಿರುತ್ತಾರೆ. ಅದಕ್ಕೆ ಒಂದೇ ಇಸವಿ ಇರೋದಿಲ್ಲ.

ಹಾಗಾಗಿ ಗಟ್ಟಿ ದಾಖಲೆ ಇದ್ದಲ್ಲಿ ಮಾತ್ರ ಇಸವಿ ಬರೆಯಿರಿ. ಟಿಬೆಟನ್ನರ ವಿಷಯದಲ್ಲಿ ಅದು ಸುಲಭ. 1959ರಲ್ಲಿ ದಲಾಯಿ ಲಾಮಾ ಭಾರತಕ್ಕೆ ಬಂದರು. ಮೈಸೂರು ರಾಜ್ಯ ಜಮೀನು ಕೊಟ್ಟಿತು. ಬೈಲಕುಪ್ಪೆ ಮೊದಲು, 1966ರಲ್ಲಿ ಮುಂಡಗೋಡ. ಸರ್ಕಾರಿ ಕಾಗದ ಇದೆ. ಉಳಿದವರಿಗೆ 'ನಮ್ಮಜ್ಜನ ಕಾಲಕ್ಕೆ ಮೊದಲೇ' ಅಂತ ಅವರ ಬಾಯಿಂದ ಬಂದ ಮಾತನ್ನು ಅವರ ಮಾತು ಅಂತಲೇ ಹಾಕಿ.

ಟಿಬೆಟನ್ನರ ಬಗ್ಗೆ ಇನ್ನೊಂದು. ಎಲ್ಲರೂ ಗೊಂಪ (ಬೌದ್ಧ ಮಠ), ಲಾಮಾ, ಪ್ರಾರ್ಥನಾ ಚಕ್ರದ ಫೋಟೋ ಹಾಕುತ್ತಾರೆ. ಕಾಡು ಕಡಿದು ಮೆಕ್ಕೆಜೋಳ ಬೆಳೆದದ್ದು, ಚಳಿಗಾಲದಲ್ಲಿ ಊರೂರಿಗೆ ಹೋಗಿ ಸ್ವೆಟರ್ ಮಾರಿದ್ದು ಯಾರಿಗೂ ನೆನಪಾಗೋದಿಲ್ಲ. ಹುಬ್ಬಳ್ಳಿಯಲ್ಲಿ ಕೊಂಡ ಅಂಥ ಹಳೆ ಸ್ವೆಟರ್ ನಿಮ್ಮ ಊರಿನ ಯಾವುದೋ ಪೆಟ್ಟಿಗೆಯಲ್ಲಿ ಖಂಡಿತ ಇರುತ್ತೆ. ಅದನ್ನು ಕೇಳಿ ಪಡೆಯಿರಿ. ಅವರಲ್ಲಿ ಬಹಳ ಜನ ಇಂದಿಗೂ ವಿದೇಶಿ ನೋಂದಣಿ ಪತ್ರದ ಮೇಲೆ ಇರುವವರು. ಮುಖ, ಹೆಸರು, ರಾಜಕೀಯದ ಮಾತು ಹಾಕುವ ಮೊದಲು ಎರಡು ಸಲ ಕೇಳಿ.

ಜೀತದ ವಿಷಯವೂ ಹೀಗೆಯೇ. ಅದನ್ನು ನಿಷೇಧಿಸುವ ಕಾನೂನು 1976ರಲ್ಲಿ ಬಂತು, ಜೀತ ಕಂಡ ಮುದುಕರು ಇನ್ನೂ ಇದ್ದಾರೆ. ದುಡಿಸಿಕೊಂಡ ಮನೆತನವೂ ಅದೇ ಊರಲ್ಲಿದೆ, ಬಹುಶಃ ನಿಮ್ಮ ಸಮಿತಿಯಲ್ಲೇ ಇದೆ. ಪೂರ್ತಿ ಮಾತು ರೆಕಾರ್ಡ್ ಮಾಡಿ. ಗೋಡೆ ಮೇಲೆ ಮನೆತನದ ಹೆಸರು ಬೇಡ. ಪೂರ್ತಿ ರೆಕಾರ್ಡಿಂಗ್ ಯಾವಾಗ ತೆರೆಯಬೇಕು ಅಂತ, ಆ ಮಾತು ಹೇಳಿದವರೇ ಬರೆದುಕೊಡಲಿ. ನಾನು ಕೆಲಸ ಮಾಡಿದ ಒಂದು ಕಡೆ ಹೀಗೆ ಬೀಗ ಹಾಕಿಟ್ಟ ಕಥೆಯನ್ನು, ಮುಂದೆ ಯಜಮಾನರ ಮೊಮ್ಮಗಳೇ ಬಂದು ಕೇಳಿಸಿಕೊಂಡಳು. ಎಲ್ಲ ಕಡೆ ಹಾಗಾಗುತ್ತೆ ಅಂತ ಭರವಸೆ ಕೊಡಲಾರೆ.

ಹಾಗಾದರೆ ಮಾಡೋದೇನು

ನಿಮ್ಮ ಮುಂದೆ ದಾರಿಗಳಿವೆ, ಎಲ್ಲದಕ್ಕೂ ಬೆಲೆ ಇದೆ. ಮೂರೂ ಕೋಣೆಗೆ ಈಗಲೇ ಗಾಜಿನ ಕಪಾಟು ಹಾಕಿಸಿ ಉದ್ಘಾಟನೆ ಮಾಡಬಹುದು. ಫೋಟೋ ಚೆನ್ನಾಗಿ ಬರುತ್ತೆ, ಅನುದಾನ ಕೊಟ್ಟವರಿಗೆ ಖುಷಿ. ಆದರೆ ಒಮ್ಮೆ ಗೋಡೆಗೆ ಹೊಡೆದ ಫಲಕ ಹತ್ತು ವರ್ಷ ಕದಲೋದಿಲ್ಲ. ತಪ್ಪೂ ಅಲ್ಲೇ ಕೂರುತ್ತೆ. ಹಣ ಮುಗಿದ ಮೇಲೆ ಬೀಗ ಬಿದ್ದ ಇಂಥ ಮ್ಯೂಸಿಯಂಗಳು ಬಹಳ.

ಜನರಿಂದ ವಸ್ತು ದಾನ ಪಡೆಯಬಹುದು. ಬೇಗ ತುಂಬುತ್ತೆ. ಆದರೆ ಮಕ್ಕಳು ಬೆಂಗಳೂರಿನಿಂದ ಬಂದು 'ನಮ್ಮಜ್ಜಿ ಸರ ಯಾಕೆ ಕೊಟ್ಟಿರಿ' ಅಂತ ಕೇಳುತ್ತಾರೆ. ದಾನಕ್ಕಿಂತ ಎರವಲು ವಾಸಿ. ಕನ್ನಡದಲ್ಲಿ ಒಂದು ಪುಟದ ಎರವಲು ಪತ್ರ ಮಾಡಿ: ಯಾರದು, ಎಷ್ಟು ಕಾಲಕ್ಕೆ, ಕೆಟ್ಟರೆ ಏನು. ಫೋಟೋಗಳನ್ನು ಸ್ಕ್ಯಾನ್ ಮಾಡಿ ಅಂದೇ ವಾಪಸ್ ಕೊಡಿ. ಯಾರಾದರೂ ಹೊಲದಲ್ಲಿ ಸಿಕ್ಕ ಮೂರ್ತಿ, ನಾಣ್ಯ ತಂದರೆ ಇಟ್ಟುಕೊಳ್ಳಬೇಡಿ. ಅದಕ್ಕೆ ಬೇರೆ ಕಾನೂನಿದೆ, ಪುರಾತತ್ವ ಇಲಾಖೆಗೆ ತಿಳಿಸಿ.

ನಾನಾಗಿದ್ದರೆ ಕಟ್ಟಡಕ್ಕೆ ಕೈ ಹಾಕದೆ ಒಂದು ವರ್ಷ ಕೇಳಿಸಿಕೊಳ್ಳುವ ಕೆಲಸ ಮಾಡುತ್ತಿದ್ದೆ. ಒಂದು ಒಳ್ಳೆ ರೆಕಾರ್ಡರ್, ಆ ಭಾಷೆ ಬಲ್ಲ ಇಬ್ಬರು ಹುಡುಗ ಹುಡುಗಿಯರು. ಸಿದ್ದಿ ಅಜ್ಜಿಯ ಮಾತನ್ನು ಸಿದ್ದಿ ಹುಡುಗಿಯೇ ಕೇಳಲಿ, ನೀವು ಹೋದರೆ ಅವಳು ಮಾಸ್ತರರಿಗೆ ಹೇಳಬೇಕಾದ್ದು ಮಾತ್ರ ಹೇಳುತ್ತಾಳೆ. ಆಮೇಲೆ ಮಡಚಿ ಒಯ್ಯುವಂಥ ಫಲಕಗಳು, ನೆಲದ ನಕ್ಷೆ, ನಾಲ್ಕಾರು ವಸ್ತು, ಎಲ್ಲವನ್ನೂ ಒಂದು ಟೆಂಪೊದಲ್ಲಿ ಹಾಕಿ ಶಾಲೆಗಳಿಗೆ, ಚರ್ಚ್ ಹಬ್ಬಕ್ಕೆ, ಉರುಸಿಗೆ, ಎರಡು ವರ್ಷಕ್ಕೊಮ್ಮೆ ಬರುವ ಶಿರಸಿ ಮಾರಿಕಾಂಬಾ ಜಾತ್ರೆಗೆ ಒಯ್ಯಿರಿ. ಅಲ್ಲಿ ಜನ ತಪ್ಪು ತೋರಿಸುತ್ತಾರೆ, ಬೈಯುತ್ತಾರೆ, 'ನಮ್ಮನೆಯಲ್ಲೂ ಒಂದಿದೆ' ಅನ್ನುತ್ತಾರೆ. ತಿದ್ದಿಕೊಳ್ಳಿ. ಇದರ ಅಪಾಯವೂ ಹೇಳಿಬಿಡುತ್ತೇನೆ: ಕಣ್ಣಿಗೆ ಕಾಣುವ ಕೆಲಸ ಕಡಿಮೆ, ಸಮಿತಿಗೆ ಬೇಸರ ಬರುತ್ತೆ, ಕೋಣೆಗಳನ್ನು ಬೇರೆ ಯಾರೋ ಕೇಳಬಹುದು. ಅದಕ್ಕೆ ಒಂದು ಕೋಣೆಯಲ್ಲಿ ಶಾಲೆಯ ಕಥೆಯನ್ನಾದರೂ ಮೊದಲ ವರ್ಷವೇ ತೆರೆಯಿರಿ.

ಫಲಕ ಕನ್ನಡದಲ್ಲೇ ಇರಲಿ. ಜೊತೆಗೆ ಹೇಳಿದವರ ಮಾತಿನ ಒಂದೆರಡು ಸಾಲು ಅವರ ಭಾಷೆಯಲ್ಲೂ ಇರಲಿ. ಸಿದ್ದಿಗಳ ಕೊಂಕಣಿಯನ್ನು ಕನ್ನಡ ಲಿಪಿಯಲ್ಲಿ ಹಾಕಿ, ಟಿಬೆಟನ್ನರದ್ದನ್ನು ಅವರ ಲಿಪಿಯಲ್ಲಿ. ಓದಲು ಬಾರದ ಅಜ್ಜಿಗೆ ಒತ್ತಿದರೆ ದನಿ ಬರುವ ಗುಂಡಿ.

ಕೊನೆಗೆ ಫೈಬರ್ ಗೊಂಬೆ. ದಾನಿಗಳಿಗೆ ನೋವಾಗದ ಹಾಗೆ ಬೇಡ ಅನ್ನಿ. ಪಕ್ಕದ ಕೇರಿಯಲ್ಲಿ ಬದುಕಿರುವ ಜನರನ್ನು ಗೊಂಬೆ ಮಾಡಿ ನಿಲ್ಲಿಸುವುದು ಚೆನ್ನಾಗಿ ಕಾಣೋದಿಲ್ಲ, ಅದೂ ಕುಣಿತದ ಭಂಗಿಯಲ್ಲಿ ಮಾತ್ರ. ಅದೇ ಹಣದಲ್ಲಿ ಸಿದ್ದಿ ಹೆಂಗಸರಿಗೆ ಎರಡು ಕೌದಿ ಹೊಲಿಯಲು ಹೇಳಿ, ಬೆಲೆ ಅವರೇ ಹೇಳಲಿ, ಹೊಲಿಯುವಾಗ ಆಡುವ ಮಾತನ್ನು ರೆಕಾರ್ಡ್ ಮಾಡಿ, ದಾನಿಯ ಹೆಸರನ್ನು ಪಕ್ಕದಲ್ಲಿ ಹಾಕಿ. ಅವರು ಒಪ್ಪಬಹುದು. ನಿಮ್ಮ ಸಮಿತಿಯಲ್ಲಿ ಸಿದ್ದಿ, ಗೌಳಿ, ಮುಳುಗಡೆಯವರು ಯಾರಾದರೂ ಇದ್ದಾರಾ ಅಂತ ನೀವು ಬರೆದಿಲ್ಲ. ಇಲ್ಲದಿದ್ದರೆ ಮುಂದಿನ ಸಭೆಗೆ ಮೊದಲು ಕರೆದು ಸದಸ್ಯರನ್ನಾಗಿ ಮಾಡಿಕೊಳ್ಳಿ, ಒಬ್ಬೊಬ್ಬರನ್ನಲ್ಲ, ಕಡೇಪಕ್ಷ ಇಬ್ಬಿಬ್ಬರನ್ನು. ಒಬ್ಬರೇ ಬಂದರೆ ಸುಮ್ಮನೆ ತಲೆಯಾಡಿಸಿ ಹೋಗುತ್ತಾರೆ. ಅವರೇ 'ಗೊಂಬೆ ಇರಲಿ' ಅಂದರೆ ಇರಲಿ. ಆಗ ಏನು ಉಡಿಸಬೇಕು, ಎಲ್ಲಿ ನಿಲ್ಲಿಸಬೇಕು ಅನ್ನೋದು ಅವರ ತೀರ್ಮಾನ.